ಗ್ಲುಕಗಾನ್ ಹಾಕಿದ್ರೂ ಲಿವರ್ ಸೆಲ್ಸ್ ಕೊಬ್ಬು ಸುಡ್ತಿಲ್ಲ, ಎಲ್ಲಿ ಎಡವಿದೀನಿ?

ಪಿಪೆಟ್‌ಪಾಪು:
ನಮಸ್ಕಾರ ಎಲ್ರಿಗೂ. ಮೂರು ವಾರದಿಂದ ಒಂದೇ ಎಕ್ಸ್‌ಪೆರಿಮೆಂಟ್ ಮಾಡಿ ಮಾಡಿ ತಲೆ ಕೆಟ್ಟೋಗಿದೆ. ಇಲಿ ಲಿವರ್‌ನಿಂದ ಆಗಷ್ಟೇ ಬಿಡಿಸಿದ ಸೆಲ್ಸ್, ರಾತ್ರಿಯಿಡೀ ಇನ್ಸುಲಿನ್ ಇರೋ ಮೀಡಿಯಂನಲ್ಲಿ ಬಿಟ್ಟು, ಬೆಳಿಗ್ಗೆ ಕಾರ್ಬನ್-14 ಲೇಬಲ್ (ರೇಡಿಯೋಆಕ್ಟಿವ್ ಗುರುತು) ಇರೋ ಪಾಮಿಟೇಟ್ ಅನ್ನೋ ಕೊಬ್ಬಿನಾಮ್ಲದ ಜೊತೆ ಉಪವಾಸದ ಹಾರ್ಮೋನು ಗ್ಲುಕಗಾನ್ ಹಾಕಿ ಎರಡು ಗಂಟೆ ಕಾಯ್ತೀನಿ. ಆಕ್ಸಿಡೇಶನ್, ಅಂದ್ರೆ ಕೊಬ್ಬು ಸುಡೋದು, ಜಾಸ್ತಿ ಆಗ್ಬೇಕು ತಾನೆ? ಗ್ಲುಕಗಾನ್ ಹಾಕಿದ್ದು ಹಾಕದೇ ಇದ್ದದ್ದು ಎರಡರ ಕೌಂಟೂ ಹೆಚ್ಚುಕಮ್ಮಿ ಒಂದೇ. ಗೈಡ್ ಮುಖ ನೋಡೋಕೇ ಭಯ ಆಗ್ತಿದೆ.

ಅರ್ಧಲೋಟಕಾಫಿ:
ಗ್ಲುಕಗಾನ್ ಹಳೇದಾ? ಅದು ನ್ಯೂಟ್ರಲ್ ಪಿಎಚ್‌ನಲ್ಲಿ ಸರಿಯಾಗಿ ಕರಗಲ್ಲ, ಡೈಲ್ಯೂಟ್ ಆಸಿಡ್‌ನಲ್ಲಿ ಕರಗಿಸಿ ತುಂಬಾ ದಿನ ಇಟ್ರೂ ನಾರುನಾರಾಗಿ ಕೂರುತ್ತೆ. ಹೊಸದು ಮಾಡಿ ನೋಡು. ಮತ್ತೆ ಹೆಪ್‌ಜಿ2 (ಲ್ಯಾಬ್‌ನಲ್ಲಿ ಬೆಳೆಸೋ ಲಿವರ್ ಕ್ಯಾನ್ಸರ್ ಸೆಲ್ ಲೈನ್) ಸೆಲ್ಸ್ ಅಲ್ವಲ್ಲ? ಅದ್ರಲ್ಲಿ ಗ್ಲುಕಗಾನ್ ರಿಸೆಪ್ಟರ್ ಇಲ್ಲ ಅನ್ನೋಷ್ಟು ಕಮ್ಮಿ, ನಾನು ಒಂದು ಸೆಮಿಸ್ಟರ್ ಪೂರ್ತಿ ಅದಕ್ಕೇ ಬಲಿ ಕೊಟ್ಟಿದೀನಿ 😅

ಪಿಪೆಟ್‌ಪಾಪು:
ಇಲ್ಲ ಇಲ್ಲ, ಪ್ರೈಮರಿ ಸೆಲ್ಸೇ, ನೇರ ಇಲಿಯಿಂದ ತೆಗೆದದ್ದು. ಗ್ಲುಕಗಾನ್ ಹೋದ ವಾರ ಹೊಸದಾಗಿ ಮಾಡಿದ್ದು, ಅದೇ ಟ್ಯೂಬ್‌ದು ಬೇರೆ ತಟ್ಟೆಗೆ ಹಾಕಿದಾಗ ಗ್ಲೈಕೋಜನ್ ಕರಗಿ ಗ್ಲೂಕೋಸ್ ಚೆನ್ನಾಗೇ ಹೊರಬಂತು.

ಹಳೇಬೆಂಚು:
ಹಾಗಿದ್ರೆ ಹಾರ್ಮೋನು ಸರಿ ಇದೆ, ಅದನ್ನ ಬಿಡಿ. ಮೊದಲು ಮೀಡಿಯಂ ಕಡೆ ನೋಡಿ. ಪಾಮಿಟೇಟ್ ಮೈಟೋಕಾಂಡ್ರಿಯಾ ಒಳಗೆ ಹೋಗೋಕೆ ಸಿಪಿಟಿ-1 ಅನ್ನೋ ಎನ್‌ಜೈಮ್ ಬಾಗಿಲು ಕಾಯುತ್ತೆ, ಆ ಬಾಗಿಲಿಗೆ ಚಿಲಕ ಹಾಕೋದು ಮಲೋನಿಲ್-ಕೋಎ ಅನ್ನೋ ಅಣು. ಇದನ್ನ ಮೆಕ್‌ಗ್ಯಾರಿ ಮತ್ತೆ ಫಾಸ್ಟರ್ 1977ರಲ್ಲೇ ತೋರಿಸಿದ್ರು. ತಮಾಷೆ ಏನಂದ್ರೆ ಮಲೋನಿಲ್-ಕೋಎ ಇರೋದೇ ಹೊಸ ಕೊಬ್ಬು ಕಟ್ಟೋಕೆ, ಅಂದ್ರೆ ಲಿವರ್ ಕೊಬ್ಬು ಕಟ್ಟೋ ಹೊತ್ತಲ್ಲಿ ಸುಡೋದು ತಾನಾಗೇ ನಿಲ್ಲುತ್ತೆ. ಇನ್ಸುಲಿನ್ ಇದ್ರೆ ಎಸಿಸಿ ಎನ್‌ಜೈಮ್ ಮೇಲಿನ ಫಾಸ್ಫೇಟ್ ಕಳಚಿ ಅದು ಚುರುಕಾಗಿ ಮಲೋನಿಲ್-ಕೋಎ ತಯಾರಿಸ್ತಾ ಹೋಗುತ್ತೆ, ಗ್ಲುಕಗಾನ್ ಬಂದ್ರೆ ಸೈಕ್ಲಿಕ್ ಎಎಂಪಿ ಅನ್ನೋ ಸೆಲ್ ಒಳಗಿನ ಸಂದೇಶವಾಹಕ ಏರಿ ಎಸಿಸಿಗೆ ಫಾಸ್ಫೇಟ್ ಅಂಟಿ ಮಂದ ಆಗುತ್ತೆ, ಜೊತೆಗೆ ಗ್ಲೈಕಾಲಿಸಿಸ್ (ಗ್ಲೂಕೋಸ್ ಒಡೆಯೋ ದಾರಿ) ಕೂಡ ಹಿಂದೆ ಸರಿದು ಎಸಿಸಿಗೆ ಸಿಗೋ ಕಚ್ಚಾ ಮಾಲೂ ಕಮ್ಮಿ. ಇದೆಲ್ಲ ನಿಮಿಷಗಳ ಆಟ. ಆದ್ರೆ ನಿಮ್ಮ ಮೀಡಿಯಂನಲ್ಲಿ ಇನ್ಸುಲಿನ್ ಮತ್ತೆ 25 ಮಿಲಿಮೋಲಾರ್ ಗ್ಲೂಕೋಸ್ ಇನ್ನೂ ಇದ್ರೆ ಗ್ಲುಕಗಾನ್ ಒಂಟಿಯಾಗಿ ಎಷ್ಟು ಎಳೆಯೋಕಾಗುತ್ತೆ ಹೇಳಿ?

ಪಿಪೆಟ್‌ಪಾಪು:
ಸರ್ ನಿನ್ನೆ ಎರಡು ಸಲ ತೊಳೆದು, ಇನ್ಸುಲಿನ್ ಇಲ್ದೆ ಕಮ್ಮಿ ಗ್ಲೂಕೋಸ್‌ನಲ್ಲಿ ನಾಲ್ಕು ಗಂಟೆ ಇಟ್ಟು ಮಾಡ್ದೆ, ಸಿಪಿಟಿ-1ಗೆ ಬೇಕಾದ ಕಾರ್ನಿಟಿನ್ನೂ ಹಾಕಿದ್ದೆ. ಸ್ವಲ್ಪ ಏರ್ತು, ಆದ್ರೆ ತೋರಿಸೋ ಅಷ್ಟಿಲ್ಲ.

ಹಳೇಬೆಂಚು:
ಆಕ್ಟನೋಯೇಟ್ ಇಟ್ಟಿದೀರಾ? ಅದು ಪಾಮಿಟೇಟ್‌ಗಿಂತ ಚಿಕ್ಕ, ಮಧ್ಯಮ ಸರಪಳಿಯ ಕೊಬ್ಬಿನಾಮ್ಲ, ಲಿವರ್‌ನಲ್ಲಿ ಸಿಪಿಟಿ-1 ಬಾಗಿಲು ತಟ್ಟದೇ ಒಳಗೆ ಹೋಗುತ್ತೆ. ಆಕ್ಟನೋಯೇಟ್ ಚೆನ್ನಾಗಿ ಉರಿದು ಪಾಮಿಟೇಟ್ ಮಾತ್ರ ಉರೀದೇ ಇದ್ರೆ ಬಾಗಿಲೇ ಅಪರಾಧಿ.

ಪಿಪೆಟ್‌ಪಾಪು:
ಮಾಡ್ದೆ ಸರ್. ವಿಚಿತ್ರ ಅಂದ್ರೆ ಆಕ್ಟನೋಯೇಟ್ ಕೌಂಟೂ ಬಡವೇ! ಸೆಲ್ಸ್ ಜೀವಂತ ಇವೆ, ಟ್ರಿಪಾನ್ ಬ್ಲೂ ಚೆಕ್ ಮಾಡಿದೀನಿ.

ಹಳೇಬೆಂಚು:
ಒಂದ್ನಿಮಿಷ. ನೀವು ಎಣಿಸ್ತಿರೋದು ಏನನ್ನ?

ಪಿಪೆಟ್‌ಪಾಪು:
ಕಾರ್ಬನ್ ಡೈಆಕ್ಸೈಡ್. ಕೊನೇಲಿ ಮುಚ್ಚಿದ ಫ್ಲಾಸ್ಕ್‌ಗೆ ಪರ್‌ಕ್ಲೋರಿಕ್ ಆಸಿಡ್ ಚುಚ್ಚಿ, ಮೇಲೆ ನೇತಾಡೋ ಕಾಸ್ಟಿಕ್ ಹಾಕಿದ ಫಿಲ್ಟರ್ ಪೇಪರ್ ತೆಗೆದು ಕೌಂಟ್ ಮಾಡ್ತೀನಿ. ಫ್ಲಾಸ್ಕ್‌ನಲ್ಲಿ ಉಳಿದದ್ದು ರೇಡಿಯೋಆಕ್ಟಿವ್ ವೇಸ್ಟ್‌ಗೆ.

ಹಳೇಬೆಂಚು:
ಅಯ್ಯೋ ರಾಮ, ನಿಮ್ಮ ರಿಸಲ್ಟ್‌ನೆಲ್ಲ ವೇಸ್ಟ್ ಡಬ್ಬಕ್ಕೆ ಹಾಕಿದೀರಲ್ರೀ! ಗ್ಲುಕಗಾನ್ ಬಿದ್ದ ಲಿವರ್‌ನಲ್ಲಿ ಕೊಬ್ಬಿನಾಮ್ಲ ತುಂಡರಿಸೋ ಬೀಟಾ-ಆಕ್ಸಿಡೇಶನ್‌ನಿಂದ ಬಂದ ಅಸಿಟೈಲ್-ಕೋಎ ಅನ್ನೋ ತುಂಡು, ಕಾರ್ಬನ್ ಡೈಆಕ್ಸೈಡ್ ಹುಟ್ಟೋ ಕ್ರೆಬ್ಸ್ ಸೈಕಲ್‌ಗೆ ಹೋಗೋದು ಕಮ್ಮಿ, ಬಹುಪಾಲು ಕೀಟೋನ್ ಆಗುತ್ತೆ. ಆ ದಾರಿಯ ಮುಖ್ಯ ಎನ್‌ಜೈಮ್ ಎಚ್‌ಎಂಜಿಸಿಎಸ್2, ಅದನ್ನೂ ಗ್ಲುಕಗಾನ್ ಏರಿಸುತ್ತೆ ಇನ್ಸುಲಿನ್ ಇಳಿಸುತ್ತೆ. ಲಿವರ್ ತಾನು ಮಾಡಿದ ಕೀಟೋನ್‌ನ ತಾನೇ ಉರಿಸೋಕಾಗಲ್ಲ, ಅದಕ್ಕೆ ಬೇಕಾದ ಎನ್‌ಜೈಮೇ ಅದರ ಹತ್ರ ಇಲ್ಲ, ಹಾಗಾಗಿ ಎಲ್ಲ ಹೊರಗೆ ಮೀಡಿಯಂಗೆ ಬಂದು ಬೀಳುತ್ತೆ. ಆ ಆಸಿಡ್ ಹಾಕಿದ ಮೀಡಿಯಂನ ಸೆಂಟ್ರಿಫ್ಯೂಜ್ ಮಾಡಿ. ಉರೀದೇ ಉಳಿದ ಪಾಮಿಟೇಟ್ ಆಲ್ಬುಮಿನ್ ಜೊತೆ ತಳಕ್ಕೆ ಕೂರುತ್ತೆ, ಮೇಲಿನ ತಿಳಿನೀರಲ್ಲಿ ಕೀಟೋನ್ ಇರುತ್ತೆ. ಅದನ್ನೂ ಎಣಿಸಿ ಕೂಡಿಸಿ. ಸಮಯ ಸೊನ್ನೆಯಲ್ಲೇ ಆಸಿಡ್ ಹಾಕಿದ ಒಂದು ಬ್ಲಾಂಕ್ ಇರ್ಲೇಬೇಕು, ಇಲ್ಲಾಂದ್ರೆ ಹಾಳು ಪಾಮಿಟೇಟ್‌ನೇ ಎಣಿಸಿ ಖುಷಿ ಪಡ್ತೀರಿ.

ಅರ್ಧಲೋಟಕಾಫಿ:
ಸರ್ ಅಡ್ಡ ಪ್ರಶ್ನೆ, ಉಪವಾಸದ ಇಲಿ ಲಿವರ್ ತಗೊಂಡ್ರೆ ಸುಲಭ ಅಲ್ವಾ?

ಹಳೇಬೆಂಚು:
ಸಿಗ್ನಲ್ ಜೋರು ಬರುತ್ತೆ ನಿಜ, ಆದ್ರೆ ಅದು ಬೇರೆ ಕಥೆ. ಉಪವಾಸದಲ್ಲಿ ಪಿಪಿಎಆರ್-ಆಲ್ಫಾ ಅನ್ನೋ ಜೀನ್ ಎಬ್ಬಿಸೋ ಪ್ರೋಟೀನ್ ಎದ್ದು ಸಿಪಿಟಿ-1 ಪ್ರೋಟೀನ್ ಪ್ರಮಾಣವೇ ಏರುತ್ತೆ, ಜೊತೆಗೆ ಮಲೋನಿಲ್-ಕೋಎಗೆ ಅದು ಬಗ್ಗೋದೂ ಕಮ್ಮಿಯಾಗುತ್ತೆ. ಥೈರಾಯ್ಡ್‌ನ ಟಿ3 ಕೂಡ ಆ ಜೀನ್ ಏರಿಸುತ್ತೆ. ಇವಕ್ಕೆಲ್ಲ ಗಂಟೆ, ದಿನ ಬೇಕು. ನಿಮಿಷದ ಚಿಲಕ ನೋಡ್ಬೇಕಿದ್ರೆ ಉಂಡ ಇಲಿನೇ ಸರಿ.

ಪಿಪೆಟ್‌ಪಾಪು:
ಅಪ್ಡೇಟ್!! ತಿಳಿನೀರಲ್ಲಿ ಕೌಂಟ್ ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಗ್ಲುಕಗಾನ್ ಹಾಕಿದ್ರಲ್ಲಿ ಇನ್ನೂ ಜಾಸ್ತಿ, ಬ್ಲಾಂಕ್ ತಳದಲ್ಲಿದೆ. ಆಕ್ಟನೋಯೇಟ್‌ದು ಹಾರ್ಮೋನ್ ಇದ್ರೂ ಇಲ್ದಿದ್ರೂ ಹೆಚ್ಚುಕಮ್ಮಿ ಅಷ್ಟೇ. ತುಂಬಾ ಥ್ಯಾಂಕ್ಸ್ ಸರ್. ಈಗ ಎಟೊಮಾಕ್ಸಿರ್ ಹಾಕಿ ಸಿಪಿಟಿ-1 ಮುಚ್ಚಿಸಿ ನೋಡೋಣ ಅಂತಿದೀನಿ.

ಹಳೇಬೆಂಚು:
ಮಾಡಿ, ಆದ್ರೆ ಕೈ ಬಿಗಿ ಇರಲಿ, ಕೆಲವು ಮೈಕ್ರೋಮೋಲಾರ್ ಸಾಕು. 200ಕ್ಕೆ ಏರಿಸಿದ್ರೆ ಮೈಟೋಕಾಂಡ್ರಿಯಾದ ಉಸಿರಾಟ ಸರಪಳಿಯ ಕಾಂಪ್ಲೆಕ್ಸ್ ಒಂದನ್ನೂ ಹಿಡಿಯುತ್ತೆ, ಆಗ ಆಕ್ಟನೋಯೇಟೂ ಬೀಳುತ್ತೆ, ನೀವು ಮತ್ತೆ ಇಲ್ಲೇ ಬಂದು ಕೂರ್ತೀರಿ.