ಗುಂಪಿನಲ್ಲಿ ನಂದಿಬೆಟ್ಟಕ್ಕೆ ಸೈಕಲ್ ಸವಾರಿ: ಎಷ್ಟು ಅಂತರ ಬಿಡಬೇಕು?

ಹೊಸ ಸವಾರ:
ಇದುವರೆಗೆ ಒಬ್ಬನೇ ಸೈಕಲ್ ತುಳಿಯುತ್ತಿದ್ದ ನಾನು ಬರುವ ಭಾನುವಾರ ಹತ್ತು ಹನ್ನೆರಡು ಮಂದಿಯ ಗುಂಪಿನೊಡನೆ ಬೆಂಗಳೂರಿನಿಂದ ದೇವನಹಳ್ಳಿಯ ಮೇಲೆ ನಂದಿಬೆಟ್ಟಕ್ಕೆ ಹೊರಡಲಿದ್ದೇನೆ. ಮುಂದಿನವರ ಬೆನ್ನಿಗೇ ಸಾಗಿದರೆ ಗಾಳಿಯ ತಡೆ ತಗ್ಗಿ ಶ್ರಮ ಉಳಿಯುತ್ತದೆ ಎನ್ನುತ್ತಾರೆ. ಎಷ್ಟು ಹತ್ತಿರದವರೆಗೆ ಹೋಗಬಹುದು? ಇಬ್ಬರು ಅಕ್ಕಪಕ್ಕದಲ್ಲಿ ಸಾಗುವುದು ಸರಿಯೇ?

ಹಿಂಚಕ್ರ:
ಗಂಟೆಗೆ 30 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ಸಾಗುವುದರಿಂದ, ಮುಂದಿನವರು ಹಠಾತ್ತನೆ ಬ್ರೇಕ್ ಹಿಡಿದರೆ ನೀವು ಅದನ್ನು ಗ್ರಹಿಸುವಷ್ಟರಲ್ಲೇ ಅಂತರ ಮುಗಿದಿರುತ್ತದೆ. ಗಾಳಿಯ ಲಾಭ ಕೊಂಚ ಕಡಿಮೆಯಾದರೂ ಸರಿ, ಮೊದಲ ಸವಾರಿಯಲ್ಲಿ ಒಂದೆರಡು ಸೈಕಲ್‌ಗಳಷ್ಟು ಉದ್ದದ ಜಾಗ ಬಿಡಿ. ಅದಕ್ಕಿಂತ ಮುಖ್ಯವಾದದ್ದು, ನಿಮ್ಮ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಎಂದೂ ನುಗ್ಗಬಾರದು. ಅವರು ಗುಂಡಿ ತಪ್ಪಿಸಲು ಒಂದಿಷ್ಟು ಸರಿದು ಚಕ್ರಗಳು ತಾಗಿದರೆ, ಹ್ಯಾಂಡಲ್ ತಿರುಚಿಕೊಂಡು ಬೀಳುವವರು ಸಾಮಾನ್ಯವಾಗಿ ಹಿಂದಿನವರೇ. ದೃಷ್ಟಿಯನ್ನು ಆ ಚಕ್ರದ ಮೇಲೆ ನೆಡದೆ ಅವರ ಭುಜದಾಚೆಗಿನ ರಸ್ತೆಯ ಮೇಲಿಡಿ. ಮುಂದಿರುವವರು ಗುಂಡಿಯನ್ನು ಕೈಯಿಂದ ತೋರಿಸಬೇಕು. ಆದರೆ ಬಣ್ಣ ಬಳಿಯದ ಹಂಪು ಎದುರಾದಾಗ ಹ್ಯಾಂಡಲ್‌ನಿಂದ ಕೈ ತೆಗೆಯುವುದಕ್ಕಿಂತ ಗಟ್ಟಿಯಾಗಿ ಕೂಗುವುದೇ ಮೇಲು.

ದೇವನಹಳ್ಳಿಯವ:
ಹೆದ್ದಾರಿಯಲ್ಲಿ ಅಕ್ಕಪಕ್ಕ ಬೇಡವೇ ಬೇಡ. ಹಳ್ಳಿಯ ಖಾಲಿ ರಸ್ತೆಯಲ್ಲಿ ಪರವಾಗಿಲ್ಲ, ಆದರೆ ವಾಹನದ ಸದ್ದು ಕೇಳಿದೊಡನೆ ಒಂದೇ ಸಾಲಾಗಬೇಕು. ಐದಾರು ಮಂದಿಯಂತೆ ಎರಡು ತಂಡಗಳಾಗಿ, ನಡುವೆ ಒಂದು ಕಾರು ಸೇರಿಕೊಳ್ಳುವಷ್ಟು ಜಾಗ ಬಿಟ್ಟರೆ ಹಿಂದಿನಿಂದ ಬರುವವರು ಸಲೀಸಾಗಿ ದಾಟುತ್ತಾರೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆಯೇ ಒಕ್ಕಣೆಗೆ ಹರಡಿರುತ್ತಾರೆ. ಒಣಹುಲ್ಲು ಚಕ್ರವನ್ನು ಜಾರಿಸುತ್ತದೆ, ಗೇರಿಗೂ ಸುತ್ತಿಕೊಳ್ಳುತ್ತದೆ. ಆದ್ದರಿಂದ ಇಳಿದು ಬದಿಯಿಂದ ಸೈಕಲ್ ತಳ್ಳಿಕೊಂಡು ಹೋಗಿ. ರೈತರೊಡನೆ ಜಗಳಕ್ಕೆ ನಿಲ್ಲುವ ನಗರದ ಸವಾರರನ್ನು ಕಂಡಾಗ ನನಗೆ ಮುಜುಗರವಾಗುತ್ತದೆ.

ಇಳಿಜಾರು:
ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೂಡುರಸ್ತೆಯಲ್ಲಿ ಮುಂದಿನವರು "ದಾರಿ ಖಾಲಿ" ಎಂದು ಕೂಗುವ ರೂಢಿ ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಅವರಿಗೆ ಖಾಲಿಯಿದ್ದ ದಾರಿ ಐದನೆಯವರು ತಲುಪುವಾಗ ಖಾಲಿಯಿರಬೇಕೆಂದೇನಿಲ್ಲ. ಪ್ರತಿಯೊಬ್ಬರೂ ತಾವೇ ನೋಡಿ ದಾಟಬೇಕು. ಬೆಟ್ಟ ಇಳಿಯುವಾಗ ಗುಂಪು ಬಿಡಿಬಿಡಿಯಾಗಲಿ. ವೇಗವನ್ನು ತಿರುವಿನೊಳಗಲ್ಲ, ತಿರುವಿಗೆ ಮೊದಲೇ ತಗ್ಗಿಸಿ. ನಸುಕಿನಲ್ಲಿ ಹೊರಡುವುದಾದರೆ ಹಿಂದೀಪವನ್ನು ಮಿನುಗಿಸದೆ ಸ್ಥಿರವಾಗಿಡಿ, ಮಿನುಗುವ ಬೆಳಕು ಹಿಂದಿನವರ ಕಣ್ಣು ಕೋರೈಸುತ್ತದೆ. ಕೊನೆಯಲ್ಲಿ ಬರುವವರು ಯಾರು, ಯಾರದಾದರೂ ಚಕ್ರ ಪಂಕ್ಚರ್ ಆದರೆ ಅವರೊಡನೆ ನಿಲ್ಲುವವರು ಯಾರು ಎಂಬುದನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.