ಮೈಸೂರಲ್ಲಿ ನಡುಮಧ್ಯಾಹ್ನದ ನೆರಳು 12ಕ್ಕೆ ಯಾಕೆ ಬರಲ್ಲ? ಗ್ರೀನಿಚ್ ಲೆಕ್ಕ ಹೇಗೆ?

ನೆರಳುಕೋಲು:
ಶಾಲೆ ಮಕ್ಕಳಿಗಾಗಿ ಫೆಬ್ರವರಿ 11ರಂದು 1 ಮೀಟರ್ ಕೋಲು ನೆಟ್ಟು ನೆರಳು ಅಳೆದೆವು. 12:28ರಿಂದ 12:45ರವರೆಗೆ ಅಳತೆ ಹೆಚ್ಚುಕಮ್ಮಿ ಒಂದೇ. ನಡುಮಧ್ಯಾಹ್ನ ಯಾವಾಗ ಅಂತ ಹಿಡಿಯೋದು ಹೇಗೆ? 12ಕ್ಕೇ ಬರಬೇಕಲ್ವಾ?

ಗಡಿಯಾರ ಚೌಕ:
12ಕ್ಕೆ ಬರಲ್ಲ. ರೇಖಾಂಶದ 0 ಡಿಗ್ರಿ ಇರೋದು ಲಂಡನ್ನಿನ ಗ್ರೀನಿಚ್‌ನಲ್ಲಿ. ಅಲ್ಲಿಂದ ಪೂರ್ವಕ್ಕೆ ರೇಖಾಂಶದ ಪ್ರತಿ ಡಿಗ್ರಿಗೆ ಸಮಯ 4 ನಿಮಿಷ ಮುಂದೆ. ಮೈಸೂರು 76.65 ಡಿಗ್ರಿ, ಅಂದರೆ 5 ಗಂಟೆ 6.6 ನಿಮಿಷ. ಗಡಿಯಾರ ನಡೆಯೋದು 82.5 ಡಿಗ್ರಿಯ ಲೆಕ್ಕದಲ್ಲಿ, 5 ಗಂಟೆ 30 ನಿಮಿಷ. ವ್ಯತ್ಯಾಸ 23.4 ನಿಮಿಷ. ಇದು ವರ್ಷಪೂರ್ತಿ ಬದಲಾಗಲ್ಲ. ಅದರ ಮೇಲೆ ಫೆಬ್ರವರಿ 11ಕ್ಕೆ ಸೂರ್ಯ ಇನ್ನೂ 14 ನಿಮಿಷ ತಡ, ಒಟ್ಟು 12:37 ದಾಟುತ್ತೆ. ನವೆಂಬರ್ 3ರ ಹೊತ್ತಿಗೆ 16 ನಿಮಿಷ ಬೇಗ, 12:07ಕ್ಕೇ ಆಗಿಬಿಡುತ್ತೆ. ಈ ಐಎಸ್‌ಟಿ, ಅಂದರೆ ದೇಶಕ್ಕೆಲ್ಲ ಒಂದೇ ಗಡಿಯಾರದ ಸಮಯ, ಬಂದದ್ದು 1906ರ ಜನವರಿ 1ಕ್ಕೆ. ಮೈಸೂರಿನ ನಮ್ಮ ಚಿಕ್ಕ ಗಡಿಯಾರ ಗೋಪುರ ಅದಕ್ಕಿಂತ ಹಳೆಯದು, 1886ರದು.

ರಸಮಟ್ಟ:
ಅತಿ ಚಿಕ್ಕ ನೆರಳನ್ನು ಹುಡುಕಲೇಬೇಡಿ. ಆ ದಿನ ನಡುಮಧ್ಯಾಹ್ನದಿಂದ 10 ನಿಮಿಷ ಆಚೀಚೆ ಆದರೂ 1 ಮೀಟರ್ ಕೋಲಿನ ನೆರಳು ಬೆಳೆಯೋದು ಎರಡು-ಮೂರು ಮಿಲಿಮೀಟರ್ ಮಾತ್ರ. ನೆರಳಿನ ತುದಿಯ ಮಸುಕೇ 1 ಸೆಂಟಿಮೀಟರ್ ಇರುತ್ತೆ, ಕಣ್ಣಿಗೆ ಸಿಗೋದೆಲ್ಲಿ?

ಬೆಳಗ್ಗೆ 11ರ ಸುಮಾರಿಗೆ ನೆರಳಿನ ತುದಿ ಗುರುತಿಸಿ, ಕೋಲಿನ ಬುಡದಿಂದ ಅಷ್ಟೇ ಅಳತೆಯ ದಾರ ಹಿಡಿದು ವೃತ್ತ ಎಳೆಯಿರಿ. ಮಧ್ಯಾಹ್ನ ತುದಿ ಮತ್ತೆ ವೃತ್ತ ಮುಟ್ಟಿದ ಗಳಿಗೆ ಬರೆದುಕೊಳ್ಳಿ. 11:05 ಮತ್ತು 2:10 ಬಂದರೆ ನಡು 12:37:30. ಎರಡು ಗುರುತುಗಳ ನಡುಬಿಂದುವಿನಿಂದ ಬುಡಕ್ಕೆ ಗೆರೆ ಎಳೆದರೆ ಅದೇ ನಿಜವಾದ ಉತ್ತರ-ದಕ್ಷಿಣ. ಮೋಡದ ಭಯವಿದ್ದರೆ ಬೆಳಗ್ಗೆಯೇ ಮೂರು-ನಾಲ್ಕು ವೃತ್ತ ಎಳೆದಿಟ್ಟುಕೊಳ್ಳಿ.

ಕೆಡೋದು ಎರಡೇ ಕಡೆ. ಕೋಲಿಗೆ ತೂಗುಗುಂಡು ಹಿಡಿದಿರಲ್ಲ, ನೆಲಕ್ಕೆ ರಸಮಟ್ಟ ಇಟ್ಟಿರಲ್ಲ. ತುದಿಯ ಮಸುಕಿಗೆ, ಕೋಲಿನ ತಲೆಗೆ ಸಣ್ಣ ತೂತಿನ ರಟ್ಟು ಅಂಟಿಸಿ. ನೆಲದ ಮೇಲೆ ಬೀಳುವ ಬೆಳಕಿನ ಬೊಟ್ಟಿನ ನಡುವನ್ನು ಗುರುತಿಸಿ. ಏಪ್ರಿಲ್ 22ರ ಆಸುಪಾಸಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೇ ಬರೋದರಿಂದ ಈ ಪ್ರಯೋಗಕ್ಕೆ ಚಳಿಗಾಲವೇ ಚೆನ್ನ.

ನೆರಳುಕೋಲು:
ಹಾಗಾದರೆ ಗ್ರೀನಿಚ್‌ನಲ್ಲಾದರೂ ಸರಿಯಾಗಿ 12ಕ್ಕೇ ಬರುತ್ತಾ?

ಗಡಿಯಾರ ಚೌಕ:
ಅಲ್ಲೂ ಫೆಬ್ರವರಿ 11ಕ್ಕೆ 12:14. ಗಡಿಯಾರ ಹಿಡಿಯೋದು ಸೂರ್ಯನ ಸರಾಸರಿ ನಡೆಯನ್ನ. ಇನ್ನೊಂದು, ಅಲ್ಲಿನ ವೀಕ್ಷಣಾಲಯದಲ್ಲಿ 0 ಡಿಗ್ರಿ ಅಂತ ಎಳೆದಿರುವ ಗೆರೆಯ ಮೇಲೆ ನಿಂತರೆ ಮೊಬೈಲ್ 0 ತೋರಿಸಲ್ಲ. 0 ಇರೋದು 102 ಮೀಟರ್ ಪೂರ್ವಕ್ಕೆ. ಆ ಗೆರೆ ಗೊತ್ತುಮಾಡಿದ್ದು ಖಗೋಳಜ್ಞ ಜಾರ್ಜ್ ಏರಿ ಅವರ ದೂರದರ್ಶಕದಿಂದ. ಅದಕ್ಕೆ ಲಂಬ ಹಿಡಿದದ್ದು ಪಾದರಸದ ತಟ್ಟೆಯಿಂದ, ಅಂದರೆ ಆ ಜಾಗದ ಗುರುತ್ವದ ದಿಕ್ಕಿನಿಂದ. ಜಿಪಿಎಸ್ ಲೆಕ್ಕ ಇಡೀ ಭೂಮಿಯ ಕೇಂದ್ರದಿಂದ. ನಿಮ್ಮ ಕೋಲಿಗೆ ಆ 102 ಮೀಟರ್‌ನಿಂದ ಅರ್ಧ ಸೆಕೆಂಡೂ ವ್ಯತ್ಯಾಸ ಬರಲ್ಲ, 23.4 ನಿಮಿಷವನ್ನೇ ಹಿಡಿದು ಮಾಡಿಸಿ.