ಸುಮಿನಗಾಶಿ: ಮಸಿ ತೇಲದೆ ತಳಕ್ಕಿಳಿಯುವುದೇಕೆ?

ಪ್ರಶ್ನೆ:
ನಮಸ್ಕಾರ. ನೀರಿನ ಮೇಲೆ ಮಸಿ ತೇಲಿಸಿ ಆ ಚಿತ್ತಾರವನ್ನು ಕಾಗದಕ್ಕೆ ಇಳಿಸಿಕೊಳ್ಳುವ ಜಪಾನಿನ ಸುಮಿನಗಾಶಿಯನ್ನು ಎರಡು ವಾರಗಳಿಂದ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಅಗಲವಾದ ಸ್ಟೀಲ್ ತಟ್ಟೆಯ ನೀರಿಗೆ ಡ್ರಾಯಿಂಗ್ ಇಂಕ್ ಹನಿಸಿದರೆ ಅದು ಹೊಗೆಯಂತೆ ತಳಕ್ಕಿಳಿದುಬಿಡುತ್ತದೆ. ತೇಲಿದಷ್ಟು ಗೆರೆಗಳನ್ನು ಪ್ರಿಂಟರ್ ಕಾಗದದಲ್ಲಿ ಹಿಡಿದರೆ ನಡುನಡುವೆ ನಾಣ್ಯದಗಲದ ಬಿಳಿ ಕಲೆಗಳು ಉಳಿಯುತ್ತವೆ. ಹೀಗೆಯೇ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸಿಕೊಳ್ಳುವ ಟರ್ಕಿಯ ಎಬ್ರು ಕಲೆಯವರಂತೆ ನೀರಿಗೆ ಅಂಟು ಬೆರೆಸಬೇಕೇ?

ಉತ್ತರ 1:
ಅಂಟು ಬೇಡ. ಎಬ್ರುವಿಗೆ ಗೋಂದು ಬೆರೆಸಿ ಮಂದಗೊಳಿಸಿದ ನೀರು ಬೇಕು, ಸುಮಿನಗಾಶಿಗೆ ಬರಿಯ ನೀರೇ ಸಾಕು. ತೇಲುವ ಗುಣ ಮಸಿಯಲ್ಲಿರಬೇಕು. ಸುಮಿ ಎಂದರೆ ಪೈನ್ ಮರದ ಅಥವಾ ಎಣ್ಣೆದೀಪದ ಕಾಡಿಗೆಯನ್ನು ಪ್ರಾಣಿಜನ್ಯ ಅಂಟಿನೊಡನೆ ನಾದಿ ಒಣಗಿಸಿದ ಕಡ್ಡಿ. ನಮ್ಮಲ್ಲಿ ಗಂಧ ತೇಯುವಂತೆ ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯಬೇಕು. ದಯವಿಟ್ಟು ಹನಿಸಬೇಡಿ, ಬಿದ್ದ ರಭಸಕ್ಕೇ ಮಸಿ ಮುಳುಗುತ್ತದೆ. ಕುಂಚದ ತುದಿ ನೀರಿನ ಮೈಯನ್ನು ಸೋಕಿದರೆ ಸಾಕು. ಇನ್ನೊಂದು ಕುಂಚವನ್ನು, ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಬೆರೆಸಿದ ಚಮಚ ನೀರಿನಲ್ಲಿ ಅದ್ದಿ, ಮಸಿಯ ನಟ್ಟನಡುವೆ ಮುಟ್ಟಿಸಿ. ಅಲ್ಲಿ ನೀರಿನ ಮೇಲ್ಮೈ ಸೆಳೆತ ತಗ್ಗುವುದರಿಂದ ಮಸಿ ಹೊರಕ್ಕೆ ಸರಿದು ಬಳೆಯಾಗುತ್ತದೆ. ಹೀಗೆ ಎರಡು ಕುಂಚಗಳನ್ನೂ ಒಂದರ ನಂತರ ಒಂದರಂತೆ ಒಂದೇ ಜಾಗದಲ್ಲಿ ಸೋಕಿಸುತ್ತಾ ಹೋದರೆ ಬಳೆಯೊಳಗೆ ಬಳೆ ಮೂಡುತ್ತದೆ. ಬಳಿಕ ಮೆಲ್ಲಗೆ ಊದಿದರೆ ಅವು ಮರದ ಗಂಟಿನ ಗೆರೆಗಳಂತೆ ಬಳುಕುತ್ತವೆ. ಬಿಳಿ ಕಲೆಗಳಿಗೆ ಕಾರಣ ಕಾಗದದಡಿ ಸಿಕ್ಕಿದ ಗಾಳಿ. ಕಾಗದವನ್ನು ಬಿಲ್ಲಿನಂತೆ ಬಾಗಿಸಿ, ನಡುಭಾಗವನ್ನು ಮೊದಲು ನೀರಿಗೆ ತಾಗಿಸಿ, ಅಂಚುಗಳನ್ನು ಆಮೇಲೆ ಬಿಡಿ.

ಉತ್ತರ 2:
ಪ್ರತಿ ಸಲವೂ ಹಳೆಯ ಪತ್ರಿಕೆಯ ಪಟ್ಟಿಯಿಂದ ನೀರಿನ ಮೇಲ್ಮೈಯನ್ನು ಒರೆಸಿಕೊಳ್ಳಿ, ಉಳಿದ ಸೋಪು ಹೊಸ ಮಸಿಯನ್ನು ಹರಡಗೊಡುವುದಿಲ್ಲ. ಪ್ರಿಂಟರ್ ಕಾಗದಕ್ಕಿಂತ ಹೀರುಗುಣವಿರುವ ಕೈಕಾಗದ ಮೇಲು. ಕ್ಯೋಟೋದ ನಿಶಿ ಹೋಂಗಾಂಜಿ ದೇವಾಲಯದಲ್ಲಿದ್ದ 12ನೆಯ ಶತಮಾನದ ಕವಿತಾ ಸಂಕಲನವೊಂದರಲ್ಲಿ ಸುಮಿನಗಾಶಿ ಮಾಡಿದ ಹಾಳೆಗಳ ಮೇಲೆ ಕವಿತೆ ಬರೆದಿದ್ದಾರೆ. ಎಬ್ರುವಿನ ಮಾತು ಬಂದದ್ದರಿಂದ ಹೇಳುತ್ತೇನೆ: ನಮ್ಮ ಬಿಜಾಪುರದಲ್ಲೂ 17ನೆಯ ಶತಮಾನದಲ್ಲಿ, ಆದಿಲ್‌ಶಾಹಿ ಕಾಲದಲ್ಲಿ, ಆ ಬಗೆಯ ಅಬ್ರಿ ಕಾಗದದ ಕೆಲಸದಿಂದ ಎಲುಬು ಕಾಣುವ ಬಡಕಲು ಕುದುರೆಗಳ ಚಿತ್ರಗಳನ್ನು ರಚಿಸಿದ್ದರು. ಅವುಗಳನ್ನು ತಪ್ಪದೆ ನೋಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸುಮಿ ಕಡ್ಡಿ ತರಿಸಿ ತೇಯ್ದೆ. ಇಂದು ಬೆಳಿಗ್ಗೆ ಫ್ಯಾನ್ ಆರಿಸಿ ಕುಳಿತಾಗ ಹದಿನೇಳು ಬಳೆಗಳು ಒಡೆಯದೆ ನಿಂತವು. ಕಾಗದದ ಒಂದು ಮೂಲೆಯಲ್ಲಿ ಮಾತ್ರ ಇನ್ನೂ ಗಾಳಿಯ ಕಲೆಯಿದೆ.